ಪ್ರಿಯಾಂಕಳ ಪ್ರೋಗ್ರಾಂನಲ್ಲಿ ಅಬ್ಬು ಯಾಕೆ ಬಂದ?

ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಹಗಲೂ ರಾತ್ರಿ ಸೊಪ್ಪು ತಿನ್ನತೊಡಗಿದರೆ ಮನೆಮಂದಿಗೆಲ್ಲ ಕೂರಲು ಪುರುಸೊತ್ತಿರುವುದಿಲ್ಲ. ಒಬ್ಬರ ತೋಟದ ಹಿಪ್ಪುನೇರಳೆ ಸೊಪ್ಪು ಸಾಲದಿದ್ದರೆ ಪಕ್ಕದವರು ಕೊಡುತ್ತಾರೆ. ಕೇಳಿದವರಿಗೆ ಇಲ್ಲ ಅಂದವರುಂಟೇ!

ಅಂಥ ಹೊತ್ತಿನಲ್ಲೇ ವರಲಕ್ಷ್ಮಿಗೆ ಮಗಳ ಕಾಲೇಜಿನಿಂದ ಫೋನು ಬಂತು. ಬಿಸಿಎ ಓದುವ ಪ್ರಿಯಾಂಕ, ಅವಳ ಗೆಳತಿ ಅರ್ಫಾ, ಇಬ್ಬರೂ ಕೊಟ್ಟ ಕಂಪ್ಯೂಟರ್ ಪ್ರೋಗ್ರಾಂ ಒಂದೇ ಥರ ಇದೆಯಂತೆ. ನಾಳೆಯೊಳಗೆ ನಿಜ ಹೇಳದಿದ್ದರೆ ಇಬ್ಬರಿಗೂ ಸೊನ್ನೆ.

ವರಲಕ್ಷ್ಮಿಯ ಅನುಮಾನ ನೆಟ್ಟಗೆ ಅರ್ಫಾಳ ಮೇಲೆ ಹೋಯಿತು. ಬಂದಾಗಲೆಲ್ಲ ಮಗಳ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದವಳು ಅವಳೇ ತಾನೆ? ಆ ನಗು, ಆ "ಆಂಟಿ, ಆಂಟಿ" ಎಲ್ಲ ನಾಟಕ! ಮಗಳನ್ನು ಎಳೆದುಕೊಂಡು ಅರ್ಫಾಳ ಊರಾದ ಶಿಡ್ಲಘಟ್ಟದ ಬಸ್ಸು ಹತ್ತಿದಳು. ಅರ್ಫಾಳ ಮನೆ ಬಾಗಿಲಲ್ಲೇ ನಿಂತು ಕೂಗಿದಳು.

"ನಿಮ್ಮ ಹುಡುಗಿ ನನ್ನ ಮಗಳದ್ದು ಕದ್ದವ್ಳೆ ಕಣ್ರೀ!"

ಅರ್ಫಾಳ ತಾಯಿ ರಹಮತುನ್ನೀಸಾ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು. ರೇಗದೆ, ಕಾಲೇಜಿನವರು ಕಳಿಸಿದ್ದ ಎರಡೂ ಪ್ರೋಗ್ರಾಂ ಹಾಳೆಗಳನ್ನು ಮುಂದಿಟ್ಟಳು. "ಅಕ್ಕ, ಪ್ರೋಗ್ರಾಂ ಒಳಗೆ ಬರೋ ಒಂದೊಂದು ಲೆಕ್ಕಕ್ಕೂ ಹೆಸರಿಡ್ತಾರೆ. ಏನು ಹೆಸರು ಅನ್ನೋದು ಬರೆಯೋರ ಇಷ್ಟ. ಇದು ಓದಿ."

ವರಲಕ್ಷ್ಮಿ ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದಿದಳು. "ಅಬ್ಬು... ಹಂಗಂದ್ರೆ?"

"ನಮ್ಮನೇಲಿ ಅಪ್ಪನ್ನ ಹಂಗೆ ಕರೀತೀವಿ."

ಎರಡು ಹಾಳೆಯಲ್ಲೂ ಅದೇ ಹೆಸರು! ವರಲಕ್ಷ್ಮಿ ಮಗಳ ಕಡೆ ತಿರುಗಿದಳು. "ನಿನ್ನ ಪ್ರೋಗ್ರಾಮಲ್ಲಿ ಅಬ್ಬು ಯಾಕೆ ಬಂದ್ನೇ?"

"ಹುಳದ ಕೆಲಸದಲ್ಲಿ ಟೈಮೇ ಸಿಗ್ಲಿಲ್ಲಮ್ಮ," ಪ್ರಿಯಾಂಕ ಅತ್ತೇಬಿಟ್ಟಳು. "ನಾನೇ ಕೇಳಿ ವಾಟ್ಸಾಪಲ್ಲಿ ತರಿಸ್ಕೊಂಡೆ. ನಾನು ಸಿಕ್ಕಿಬೀಳ್ತೀನಿ ಅಂತ ಅರ್ಫಾ ಕಾಲೇಜಲ್ಲಿ ಬಾಯಿಬಿಟ್ಟಿಲ್ಲ."

ವರಲಕ್ಷ್ಮಿಗೆ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ನಾವು ಸೊಪ್ಪು ಕೊಟ್ಟು ತಗೊಳಲ್ವಾ? ಇದ್ರಲ್ಲೇನು ತಪ್ಪು?"

"ಸೊಪ್ಪು ಯಾರದಾದ್ರೂ ನಿಮ್ಮ ಹುಳಾನೇ ತಿಂದು ಗೂಡು ಕಟ್ಟುತ್ತೆ ಅಕ್ಕ. ಇವ್ಳು ತಂದಿದ್ದು ಕಟ್ಟಿದ ಗೂಡು. ಗೊತ್ತಿಲ್ದೇ ಇದ್ರೆ ಕೇಳ್ಲಿ, ಹೇಳಿಸ್ಕೊಳ್ಲಿ. ಬರೆಯೋದು ಮಾತ್ರ ತಾನೇ ಬರೀಬೇಕು. ಕೊಟ್ಟಿದ್ದೂ ತಪ್ಪೇ, ಅರ್ಫಾಗೂ ಬೈದಿದೀನಿ."

ಪ್ರಿಯಾಂಕ ಅಲ್ಲಿಂದಲೇ ಮೇಷ್ಟರಿಗೆ ಫೋನು ಮಾಡಿದಳು. "ಸರ್, ಕಾಪಿ ಹೊಡೆದಿದ್ದು ನಾನು." ಅವಳಿಗೆ ಸೊನ್ನೆಯೇ ಬಂತು. ಕೊಟ್ಟ ತಪ್ಪಿಗೆ ಅರ್ಫಾಳಿಗೆ ಅರ್ಧದಷ್ಟು ಅಂಕ ಮಾತ್ರ ಉಳಿಯಿತು.

"ತಪ್ಪು ತಿಳ್ಕೊಂಡೆ ಕಣಮ್ಮ ಅರ್ಫಾ," ಎಂದಳು ವರಲಕ್ಷ್ಮಿ, ಒಳಬಾಗಿಲ ಬಳಿ ನಿಂತಿದ್ದವಳಿಗೆ. ಆಮೇಲೆ ಮಗಳಿಗೆ: "ಇನ್ಮೇಲೆ ಕಾಲೇಜಿನ ಕೆಲಸ ಇದ್ದ ದಿನ ಹುಳದ ಮನೆ ಕಡೆ ತಲೆ ಹಾಕ್ಬೇಡ. ನಾನು ನೋಡ್ಕೊತೀನಿ."

ಅಪ್ಪ ಅಮ್ಮಂದಿರೇ, ಮಕ್ಕಳು "ಪ್ರೋಗ್ರಾಂ ಬರೆದೆ" ಅಂದರೆ ಪಕ್ಕದಲ್ಲಿ ಕೂತು "ಇದೇನು, ಹೇಳು" ಅನ್ನಿ. ಅದು ಗೆಳೆಯರಿಂದ ಬಂದಿರಲಿ, ಫೋನಿನಿಂದ ಇಳಿದಿರಲಿ, ತಾವೇ ಬರೆಯದಿದ್ದರೆ ಅವರು ತಡವರಿಸುತ್ತಾರೆ. ಅದನ್ನು ಕಂಡುಹಿಡಿಯಲು ನಿಮಗೆ ಕಂಪ್ಯೂಟರ್ ಬರಬೇಕಾಗಿಲ್ಲ.