ಉದುರದ ವಿಭೂತಿ

ವಿಜ್ಞಾನ ಪ್ರದರ್ಶನಕ್ಕಾಗಿ ಹುಮನಾಬಾದಿನ ಶಾಲೆಯ ಪ್ರತಿ ತಂಡವೂ ಮನೆಬಳಕೆಯ ಹೊಸ ವಸ್ತುವೊಂದನ್ನು ಸಿದ್ಧಪಡಿಸಬೇಕಾಗಿತ್ತು. ನಾಗನಾಥ, ಶಿವರಾಜರ ತಂಡ ಆರಿಸಿಕೊಂಡದ್ದು ವಿಭೂತಿಯನ್ನು: ಸಂಚಿಯಲ್ಲಿಟ್ಟರೂ ಒಡೆಯದ, ಉದುರದ ಗಟ್ಟಿ. ಕುಳ್ಳು ಸುಟ್ಟು, ಬೂದಿಯನ್ನು ಸೋಸಿ, ನಾದಿ ಒಣಗಿಸಿದರು. ಎಷ್ಟು ಸಲ ಮಾಡಿದರೂ ಅದು ಕಪ್ಪಾಗಿಯೇ ಉಳಿಯಿತು, ಮುಟ್ಟಿದರೆ ಪುಡಿಯಾಯಿತು.

ಕೊನೆಗೆ ಶಿವರಾಜ ಶಾಲೆಯ ಖಡುವನ್ನು, ಅಂದರೆ ಸೀಮೆಸುಣ್ಣವನ್ನು, ಕುಟ್ಟಿ ಜಾಲಿಯ ಅಂಟು ಕಲಸಿದ.

"ಇದು ಖಡುವಿನ ಪುಡಿಲೇ, ಬೂದಿ ಅಲ್ಲ," ಎಂದ ನಾಗನಾಥ.

"ಬೆಳ್ಳಗ ಅದ ಇಲ್ಲ? ಮಾಸ್ತರ್ ಏನ್ ನೆಕ್ಕಿ ನೋಡ್ತಾರೇನು, ಶಾಸ್ತ್ರಿಗಳೇ?"

ನಾಗನಾಥ ನಕ್ಕುಬಿಟ್ಟ. ಅಕ್ಷರ ಮುದ್ದಾಗಿದ್ದುದರಿಂದ, ಗಟ್ಟಿಗೆ ಸುತ್ತಿದ ಹೊದಿಕೆಯ ಮೇಲೆ 'ಶುದ್ಧ ಗೋಮಯ ಭಸ್ಮ' ಎಂದು ಬರೆದವನೂ ಅವನೇ.

ಬಸವಕಲ್ಯಾಣದಲ್ಲಿ ನಡೆದ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದಿತು. ನಾಗನಾಥನ ಅಜ್ಜಿ ಸೂಗಮ್ಮ ಗಟ್ಟಿಯನ್ನು ಕಣ್ಣಿಗೊತ್ತಿಕೊಂಡು, ಹೊದಿಕೆಯ ಅಕ್ಷರಗಳನ್ನು ಮೊಮ್ಮಗನಿಂದಲೇ ಓದಿಸಿ ಕೇಳಿದಳು. ತ್ರಿಪುಂಡ್ರ ಧರಿಸಿ ಲಿಂಗಪೂಜೆ ಮುಗಿಸದೆ ನೀರನ್ನೂ ಮುಟ್ಟದ ಜೀವ ಅದು. ದಿನವೂ ತಾನು ಹಚ್ಚಿಕೊಂಡು, ಅವನನ್ನು ಕರೆದು ಹಚ್ಚುವಳು. ಆ ಮೂರು ಬೆರಳು ಹಣೆಗೆ ತಾಗಿದಾಗಲೆಲ್ಲ ಅವನ ಕತ್ತು ತಗ್ಗುತ್ತಿತ್ತು. ಅವಳು ಅದನ್ನು ಭಕ್ತಿಯೆಂದು ತಿಳಿದಳು.

ಒಂದು ಬೆಳಗ್ಗೆ ಹಣೆಗೆ ಹಚ್ಚಿಕೊಂಡವಳು ಪೂಜೆಗೆ ಕೂರುವ ಮೊದಲು ಗಟ್ಟಿಯ ಅರ್ಧವನ್ನು ಮುರಿದು ಬಟ್ಟೆಯಲ್ಲಿ ಕಟ್ಟಿದಳು.

"ಇದು ನಾ ಹೋಗೋ ದಿನಕ್ಕ, ತಮ್ಮಾ. ನನ್ನ ಹಣಿಗಿ ನೀನೇ ಹಚ್ಚಬೇಕು. ಮೊಮ್ಮಗ ಮಾಡಿದ ಈಬತ್ತಿ ಯಾರಿಗಿ ಸಿಗ್ತದ?"

"ಆಯಿ, ಅದು ಈಬತ್ತಿ ಅಲ್ಲ. ಖಡು. ಅಂಟು ಹಾಕೀವಿ."

ಸೂಗಮ್ಮನ ಕೈ ಗಂಟಿನ ಮೇಲೆಯೇ ನಿಂತಿತು.

"ಶುದ್ಧ ಅಂತ ಬರದವ ಯಾರು?"

"ನಾನೇ."

"ಹಂಗಾರ ಬರದ ಕೈಲೇ ಅಳಿಸು," ಎಂದು ಮುಖವೊಡ್ಡಿದಳು.

ಒದ್ದೆ ಬಟ್ಟೆಯಿಂದ ಅವನು ಒರೆಸಿದ. ಅಂಟಿನಿಂದಾಗಿ ಪಟ್ಟೆಗಳು ಸುಲಭವಾಗಿ ಬಿಡಲಿಲ್ಲ. ಆ ಹಣೆಯನ್ನು ಬರಿದಾಗಿ ಅವನು ಎಂದೂ ಕಂಡಿರಲಿಲ್ಲ.

"ಇಷ್ಟು ದಿನದ ಪೂಜಿ ಯಾರಿಗಿ ಮುಟ್ತೋ," ಎಂದಳು ಮುದುಕಿ.

"ಅಂಗಡ್ಯಾಂದು ತರ್ಲೇನಾಯಿ?"

"ಬ್ಯಾಡ. ನೀನೇ ಮಾಡಿ ತಾ. ಕಾಯ್ತೇನಿ."

ಕಾಯುವುದೆಂದರೆ ಉಪವಾಸವೆಂದು ಅವನಿಗೆ ಗೊತ್ತಿತ್ತು. ಹಿತ್ತಲಲ್ಲಿ ಕುಳ್ಳು ಹೊತ್ತಿಸಿದ. ಬೂದಿ ಆರಲು ಮಧ್ಯಾಹ್ನವೇ ಆಯಿತು. ಅವಸರದಲ್ಲಿ ಬೆರಳು ಸುಟ್ಟುಕೊಂಡು, ಸೋಸಿ, ಅಂಗೈಯಲ್ಲಿ ತಂದ. ಕಪ್ಪು ಬೂದಿ ಅವಳ ಬೆರಳಿಗೂ ನಿಲ್ಲದೆ ಸೀರೆಯ ಮೇಲೆ ಚೆಲ್ಲಿತು.

"ಉದುರಾಕತ್ತದ, ಆಯಿ."

"ಉದುರ್ಲಿ."

ಮೂರು ಬೆರಳಿನಿಂದ ಎಳೆದುಕೊಂಡು ಅವಳು ಪೂಜೆಗೆ ಕುಳಿತಳು. ನಾಗನಾಥ ಎಂದಿನಂತೆ ಎದುರಿಗೆ ಬಂದು ಕತ್ತು ತಗ್ಗಿಸಿದ. ಅಂದು ಅವಳು ಅವನ ಹಣೆಗೆ ಕೈ ಚಾಚಲಿಲ್ಲ.