ಬಸ್ ಚಾಲಕ ಲಮಾಂಡ್‌ಗಾಗಿ ನಿಂತ ಮಂಗಳವಾರಗಳು

ಲಮಾಂಡ್ ಟಿಲರಿಯನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು. ಅವನಿಗೆ ಗುಂಡು ಹೊಡೆದವನು ತನ್ನ ಅಂಗಳದಲ್ಲಿ ಆರಾಮಾಗಿ ಹುಲ್ಲು ಕತ್ತರಿಸುತ್ತಿದ್ದ. ಅಂಗಡಿಗೆ ಹೊರಟಿದ್ದ ಲಮಾಂಡನ ತಂದೆ ರಾಸ್ಕೋ ಅದನ್ನು ಕಣ್ಣಾರೆ ಕಂಡು, ಬರಿಗೈಯಲ್ಲಿ ಮನೆಗೆ ಮರಳಿದರು.

ಜಾರ್ಜಿಯಾದ ಟಾಲೋ ಸ್ಪ್ರಿಂಗ್ಸ್ ಊರಿನ ಶಾಲಾ ಬಸ್ಸಿನ ಚಾಲಕ ಲಮಾಂಡ್. ಒಂದು ಭಾನುವಾರ ಮಧ್ಯಾಹ್ನ, ತಪ್ಪಿಸಿಕೊಂಡ ತನ್ನ ನಾಯಿಯನ್ನು ಹುಡುಕುತ್ತಾ, ಅದರ ಕುತ್ತಿಗೆಪಟ್ಟಿ ಕೈಯಲ್ಲಿ ಹಿಡಿದು ಪಕ್ಕದ ಬೀದಿಯ ಮನೆಯೊಂದರ ಅಂಗಳಕ್ಕೆ ಕಾಲಿಟ್ಟಿದ್ದ. "ಕರಿಯನೊಬ್ಬ ಕೈಲೇನೋ ಹಿಡ್ಕೊಂಡು ಮೈಮೇಲೆ ಬಂದ. ಜೀವ ಉಳಿಸ್ಕೊಳ್ಳೋಕೆ ಹೊಡೆದೆ" ಎಂದ ಆ ಮನೆಯ ಬಿಳಿಯ. ಪೊಲೀಸರು ಅಷ್ಟನ್ನೇ ಬರೆದುಕೊಂಡು ಅವನನ್ನು ಬಿಟ್ಟುಬಿಟ್ಟರು.

ರಾಸ್ಕೋ ಬರಿಗೈಯಲ್ಲಿ ಮರಳಿದ ಆ ಸಂಜೆ ವರ್ಡೀನ್ ಅವರ ಮನೆಗೆ ಬಂದರು. ಚರ್ಚಿನಲ್ಲಿ ರಾಸ್ಕೋ ದಂಪತಿಯ ಜೊತೆ ಹಾಡುವವರು. ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವರು.

"ರಾಸ್ಕೋ ಅಣ್ಣ, ಪೋಸ್ಟ್‌ಮಾರ್ಟಂ ರಿಪೋರ್ಟ್ ಕೇಳಿದ್ರಾ?"

"ಕೇಳಿ ಏನಮ್ಮಾ ಮಾಡೋದು? ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು. ಹೂತು ಬಂದ್ವಿ, ಬಾಯಿ ಮುಚ್ಕೊಂಡ್ವಿ. ಕಪ್ಪು ಜನರ ಪಾಲಿಗೆ ಕೋರ್ಟಿನ ಬಾಗಿಲು ಗೋಡೆಯೇ."

"ಆಗ ಬಾಗಿಲು ತಟ್ಟಿದವರನ್ನೂ ಬಡಿದು ಹಾಕ್ತಿದ್ರು ಅಣ್ಣ. ಈಗ ತಟ್ಟಬಹುದು. ತಟ್ಟೋಕೆ ಜನ ಬೇಕು, ಅಷ್ಟೇ."

"ಹತ್ತು ಜನ ಕೂಗಿದ್ರೆ ಸರ್ಕಾರಿ ವಕೀಲ ಹೆದರ್ತಾನಾ?"

"ಹತ್ತು ಜನಕ್ಕೆ ಹೆದರಲ್ಲ. ಮತ್ತೆ ಮತ್ತೆ ಬರೋ ಹತ್ತು ಜನಕ್ಕೆ ಉತ್ತರ ಕೊಡಲೇಬೇಕು. ಆ ಹುದ್ದೆಗೂ ಚುನಾವಣೆ ಇದೆ, ಅವನೂ ನಮ್ಮ ಓಟಿನಿಂದಲೇ ಗೆದ್ದವನು, ನೆನಪಿರಲಿ."

ರಾಸ್ಕೋ ಆಗದೆಂಬಂತೆ ತಲೆಯಾಡಿಸಿದರು. ಆದರೆ ಅವರ ಹೆಂಡತಿ ಓಲಾ ಒಲೆಯ ಮುಂದಿನಿಂದ ಎದ್ದು ಬಂದಳು. "ರಿಪೋರ್ಟ್ ಕೇಳೋಕೆ ಎಲ್ಲಿ ಸಹಿ ಹಾಕ್ಬೇಕು, ಹೇಳು ವರ್ಡೀನ್. ಈ ಮನುಷ್ಯ ಯೋಚನೆ ಮಾಡ್ತಾ ಕೂತಿರಲಿ."

ಎರಡು ವಾರದಲ್ಲಿ ವರದಿ ಕೈಗೆ ಬಂತು. ವರ್ಡೀನ್ ಅಡುಗೆಮನೆಯ ಮೇಜಿನ ಮೇಲೆ ಅದನ್ನು ನಿಧಾನವಾಗಿ ಓದಿದರು. ಗುಂಡು ಹೊಕ್ಕಿದ್ದು ಬೆನ್ನಿನಲ್ಲಿ.

"ಬೆನ್ನು ತೋರಿಸಿದವನು ಮೈಮೇಲೆ ಹೇಗೆ ಬರ್ತಾನೆ?" ಎಂದರು ರಾಸ್ಕೋ. ಗೂಟಕ್ಕೆ ತೂಗುಹಾಕಿದ್ದ ಟೋಪಿಯನ್ನು ತೆಗೆದುಕೊಂಡರು.

ಗುಂಡು ಹೊಡೆದವನನ್ನು ವಿಚಾರಣೆಗೆ ಕರೆಯಿರಿ ಎಂದು ಮೊದಲ ಮಂಗಳವಾರ ನಡುಹಗಲಿಗೆ ಕೋರ್ಟಿನ ಮುಂದೆ ನಿಂತವರು ನಾಲ್ವರು. ಮುಂದಿನ ವಾರ ಚರ್ಚಿನವರು ಬಂದರು. ಆಮೇಲೆ ಬಸ್ಸಿನ ಮಕ್ಕಳ ತಾಯಂದಿರು, ಕಪ್ಪು ಬಿಳಿ ಎನ್ನದೆ. "ನನ್ನ ಮಗಳನ್ನ ಆರು ವರ್ಷ ಜೋಪಾನವಾಗಿ ಮನೆ ಮುಟ್ಟಿಸಿದ್ದಾರೆ" ಎಂದಳು ಒಬ್ಬ ಬಿಳಿಯ ತಾಯಿ. ಓಲಾ ಅವಳ ಕೈ ಹಿಡಿದು ಪಕ್ಕದಲ್ಲೇ ನಿಲ್ಲಿಸಿಕೊಂಡಳು.

ವರ್ಡೀನ್ ಎಲ್ಲರ ಕೈಯಲ್ಲೂ ಪತ್ರ ಬರೆಸಿದರು. ಸರ್ಕಾರಿ ವಕೀಲನಿಗೊಂದು, ರಾಜ್ಯದ ಮೇಲಿನ ಕಚೇರಿಗೊಂದು: ಹೊರಜಿಲ್ಲೆಯ ಸರ್ಕಾರಿ ವಕೀಲರಿಗೆ ಈ ಪ್ರಕರಣ ಒಪ್ಪಿಸಿ. ಬೈಗುಳ ಬರೆದವರ ಪತ್ರವನ್ನು ಹರಿದು, ಮತ್ತೊಂದು ಹಾಳೆ ಕೊಟ್ಟರು. "ಸಿಟ್ಟಿರಲಿ, ಆದ್ರೆ ಅಕ್ಷರ ನೆಟ್ಟಗಿರಲಿ."

ಎಂಟನೆಯ ವಾರ ಒಬ್ಬ ಕಾರಿನ ಕಿಟಕಿ ಇಳಿಸಿ ಕೂಗಿದ: "ಏಯ್ ಮುದುಕ! ಆ ಮನುಷ್ಯನಿಗೆ ನಿಜವಾಗ್ಲೂ ಹೆದರಿಕೆಯಾಗಿತ್ತು!"

ರಾಸ್ಕೋ ಅವರ ತಮ್ಮನ ಮಗ ಕಲ್ಲು ಎತ್ತಿಕೊಳ್ಳಲು ಬಗ್ಗಿದ. ರಾಸ್ಕೋ ಅವನ ತೋಳು ಹಿಡಿದು ತಡೆದು, ಕಾರಿನ ಬಳಿಗೆ ತಾವೇ ನಡೆದರು.

"ಆಗಿರಬಹುದಪ್ಪಾ. ನಾನು ಅವನನ್ನ ಗಲ್ಲಿಗೆ ಹಾಕಿ ಅಂತ ಕೇಳ್ತಿಲ್ಲ. ನನ್ನ ಮಗನ ಚರ್ಮದ ಬಣ್ಣ ಕಂಡೇ ಹೆದರಿದನೋ, ಬೇರೆ ಕಾರಣ ಇತ್ತೋ, ಜೂರಿಯ ಮುಂದೆ ಹೇಳಲಿ. ಕೋರ್ಟಿಗೆ ಕರೀರಿ ಅಂತ ಕೇಳೋದೂ ತಪ್ಪಾ?"

ಕಾರಿನವನು ಕಿಟಕಿ ಏರಿಸಿಕೊಂಡು ಹೊರಟುಹೋದ.

ಹದಿನಾಲ್ಕನೆಯ ವಾರ ಪ್ರಕರಣ ಹೊರಜಿಲ್ಲೆಯ ಸರ್ಕಾರಿ ವಕೀಲೆಯ ಕೈಸೇರಿತು. ಆಕೆ ಎಲ್ಲವನ್ನೂ ಮೊದಲಿನಿಂದ ವಿಚಾರಿಸಿದರು. ಎದುರುಮನೆಯವರನ್ನು ಅದುವರೆಗೆ ಯಾರೂ ಏನೂ ಕೇಳಿರಲಿಲ್ಲ. ಅವರು ಈಗ ಸಾಕ್ಷಿ ಹೇಳಿದರು. "ಸಾರಿ ಸರ್, ಹೋಗ್ತಿದ್ದೀನಿ" ಎಂದು ಲಮಾಂಡ್ ತಿರುಗಿದ್ದನ್ನು ಅವರು ಕೇಳಿದ್ದರು, ಕಂಡಿದ್ದರು. ಮರುವರ್ಷ ವಸಂತದಲ್ಲಿ ಹನ್ನೆರಡು ಜನ ಸಾಮಾನ್ಯ ನಾಗರಿಕರ ಜೂರಿ, ಆರೋಪಿಯ ಮಾತನ್ನೂ ಪೂರ್ತಿ ಕೇಳಿ, ಅವನು ಅಪರಾಧಿ ಎಂದಿತು.

ಯಾರೂ ಕುಣಿಯಲಿಲ್ಲ. ರಾಸ್ಕೋ ಹೊರಗೆ ಬಂದು, ಬಿಸಿಲಲ್ಲಿ ಕಾದಿದ್ದ ಒಬ್ಬೊಬ್ಬರ ಕೈಯನ್ನೂ ಹಿಡಿದರು. ಅದಕ್ಕೇ ಮುಕ್ಕಾಲು ಗಂಟೆ ಬೇಕಾಯಿತು. ವರ್ಡೀನ್ ಎದುರು ಬಂದಾಗ ಅವರು ಟೋಪಿ ತೆಗೆದರು. ಓಲಾ ಹೇಳಿದಳು: "ನನ್ನ ಮಗ ಬರಲ್ಲ ವರ್ಡೀನ್. ಆದ್ರೆ ಅವನು ಯಾರ ಮೈಮೇಲೂ ಹೋಗಿರಲಿಲ್ಲ ಅಂತ ಇಡೀ ಊರಿಗೆ ಗೊತ್ತಾಯ್ತು."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಜೀವ ಉಳಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಆ ಹೆಸರಿನಲ್ಲಿ ಇನ್ನೊಬ್ಬರ ಜೀವ ಹೋದಾಗ, ನಡೆದದ್ದೇನೆಂದು ಕೇಳುವ ಹಕ್ಕೂ ಎಲ್ಲರಿಗೂ ಇದೆ. ವರದಿ ಕೇಳಿ ಪಡೆಯಿರಿ. ಕಂಡದ್ದನ್ನು ಅಂದೇ ಬರೆದಿಡಿ, ಸಾಕ್ಷಿ ಹೇಳಲು ಹಿಂಜರಿಯಬೇಡಿ. ಜೂರಿಗೆ ಕರೆ ಬಂದರೆ ತಪ್ಪಿಸಿಕೊಳ್ಳಬೇಡಿ. ಕಲ್ಲು ಎತ್ತಬೇಡಿ, ಹಾಗೆಂದು ಮನೆಗೂ ಹೋಗಬೇಡಿ. ನಿಮ್ಮೂರ ಕೋರ್ಟಿನ ಮುಂದೆ ನಾಲ್ವರು ನಿಂತಿರುವುದು ಕಂಡರೆ ಗಾಡಿ ನಿಲ್ಲಿಸಿ ಇಳಿಯಿರಿ. ಐದನೆಯವರು ನೀವಾಗಿ.