ಪರದೆಯ ಮೇಲಿನ ಬೆನ್ನು

ಕಾರ್ಯಕ್ರಮ ಶುರುವಾಗುವ ಮೊದಲೇ ಆ ಹುಡುಗಿ ಬಂದು ಡಾಕ್ಟರ್ ಸುರೇಖಾಳ ಕೈ ಹಿಡಿದಿದ್ದಳು. ಇಳಕಲ್ಲಿನ ಕಲ್ಯಾಣಮಂಟಪದ ಬಾಗಿಲಲ್ಲಿ ಮಹಿಳಾ ಸಂಘದವರು ಗುಲಾಬಿ ಕೊಟ್ಟು ಬರಮಾಡಿಕೊಳ್ಳುತ್ತಿದ್ದ ಗಡಿಬಿಡಿ. ಆ ನಡುವೆಯೇ ನುಗ್ಗಿ ಬಂದಿದ್ದಳು, ಬಸುರಿ. ಬುರ್ಖಾದ ಮುಖಪರದೆಯನ್ನು ತಲೆಯ ಹಿಂದಕ್ಕೆ ಸರಿಸಿ, "ಮೇಡಂ, ಅರಾಮದೀರಿ?" ಎಂದಳು. ಮುಖದ ತುಂಬ ನಗು.

"ನಾ ಅರಾಮ. ನೀ ಹೆಂಗದಿ? ಎಷ್ಟ ತಿಂಗಳವ್ವಾ?"

"ಏಳರಾಗ ಬಿತ್ತರಿ. ಇವರು ನಮ್ಮ ಅತ್ತಿ, ಹುಸೇನಬಿ ಅಂತ." ಹುಡುಗಿ ಪಕ್ಕದ ಹಿರಿಯಳನ್ನು ಮುಂದಕ್ಕೆ ಕರೆದಳು. "ಅಮ್ಮಿ, ನಾ ಹೇಳ್ತಿದ್ನಲ್ಲ, ಆ ಡಾಕ್ಟರ್ ಇವರ ನೋಡ್ರಿ."

ಯಾರು ಎಂದು ಸುರೇಖಾಳಿಗೆ ಗೊತ್ತಾಗಲಿಲ್ಲ. ಗುರುತು ಸಿಗದವರ ಜೊತೆ ಗುರುತಿದ್ದವರ ಹಾಗೆ ಮಾತಾಡುವುದು ಇಷ್ಟು ವರ್ಷದಲ್ಲಿ ಅವಳಿಗೆ ರೂಢಿಯಾಗಿತ್ತು. ಹುಡುಗಿಯ ಕೈ ಮೆತ್ತಗೆ ತಟ್ಟಿ ನಕ್ಕಳು. ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಬಸಲಿಂಗವ್ವ ರಟ್ಟೆ ಹಿಡಿದು ವೇದಿಕೆಯ ಕಡೆ ಎಳೆದಳು.

"ಅಕ್ಕಾರ, ಮೊದಲ ನನ್ನ ಬೆನ್ನ ನೆಟ್ಟಗ ಮಾಡಿಕೊಡ್ರಿ. ಸೊಸೀ ಮುಂದ ಬಾಗಿ ಬಾಗಿ ಡೊಂಕಾಗೇತಿ!"

"ಅಕಿ ಎಲ್ಲಿ ಬಾಗ್ಯಾಳ್ರೀ, ಸೊಸೀನ್ನ ಬಾಗಿಸ್ಯಾಳ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮಂಟಪವೆಲ್ಲ ನಕ್ಕಿತು.

ಕೆರೂರಿನ ಹುಡುಗಿ ಸುರೇಖಾ ಪುಣೆಯಲ್ಲಿ ಎಲುಬಿನ ಶಸ್ತ್ರಚಿಕಿತ್ಸೆ ಕಲಿತು, ಅದರಲ್ಲೂ ಡೊಂಕಾದ ಬೆನ್ನೆಲುಬು ನೆಟ್ಟಗೆ ಮಾಡುವುದನ್ನೇ ಆರಿಸಿಕೊಂಡು ಬಾಗಲಕೋಟೆಗೆ ಮರಳಿದಾಗ, ಜೊತೆಯವರು ತಲೆ ಕೆಟ್ಟಿದೆ ಎಂದಿದ್ದರು. ಅಂಥ ಕೆಲಸವನ್ನು ದೊಡ್ಡ ಊರಲ್ಲಿ ಮಾಡಬೇಕು, ಹೆಂಗಸರಂತೂ ಮಾಡಲೇಬಾರದು ಎಂದವರೂ ಇದ್ದರು. ಬೆನ್ನಿನ ಒಂದೊಂದು ಮಣಿಗೂ ತಿರುಪು ಕೂಡಿಸಿ, ಸರಳು ಬಗ್ಗಿಸಿ, ಕೂದಲೆಳೆಯಷ್ಟು ಆಚೀಚೆ ಆದರೆ ಕಾಲೇ ಹೋಗುವ ಜಾಗದಲ್ಲಿ ತಾಸುಗಟ್ಟಲೆ ನಿಲ್ಲುವ ಕೆಲಸ ಅದು. ಮರೋಳದ ಒಬ್ಬ ಹುಡುಗಿಯ ಬೆನ್ನು ಅವರೆಲ್ಲರ ಬಾಯಿ ಮುಚ್ಚಿಸಿತು. ಹರಿಯುವ ಹಾವಿನಂತಿದ್ದ ಬೆನ್ನು ನೆಟ್ಟಗಾಯಿತು. ಎಚ್ಚರಾದ ಹುಡುಗಿ ಕಾಲಿನ ಬೆರಳು ಆಡಿಸಿದಾಗ ಸುರೇಖಾ ಗೋಡೆಗೆ ಮುಖ ಮಾಡಿ ಅತ್ತಿದ್ದಳು. ಮೊದಲಿನ ಮತ್ತು ನಂತರದ ಆ ಎರಡು ಫೋಟೋ ಹಿಡಿದುಕೊಂಡು ಅವಳು ಡಾಕ್ಟರರ ಸಮ್ಮೇಳನಗಳಿಗೆಂದು ಪುಣೆಗೆ ಹೋಗಿ ಬಂದಳು, ಹೈದರಾಬಾದಿಗೆ ಹೋಗಿ ಬಂದಳು. ಎಲ್ಲೆಡೆ ಚಪ್ಪಾಳೆ ಬಿತ್ತು. ಈಗ ಊರೂರಿನ ಹೆಂಗಸರಿಗೂ ಅವನ್ನೇ ತೋರಿಸುತ್ತಿದ್ದಳು. ಮುಖ ಕಾಣುವುದಿಲ್ಲವಲ್ಲ ಎಂಬ ಧೈರ್ಯ.

"ಮಗಳು ದೊಡ್ಡಾಕಿ ಆಗೂ ವಯಸ್ಸಿನಾಗ ಒಮ್ಮೆ ಮುಂದಕ್ಕ ಬಾಗಿಸಿ ಬೆನ್ನ ನೋಡ್ರಿ," ಎಂದಳು ಸುರೇಖಾ ಮೈಕಿನಲ್ಲಿ. "ಒಂದ ಕಡೆ ಉಬ್ಬಿದ್ರ ದವಾಖಾನಿಗಿ ಕರಕೊಂಡ ಬರ್ರಿ. ಸೆರಗಿನಾಗ ಮುಚ್ಚಿಡಬ್ಯಾಡ್ರಿ. ನೋಡ್ರಿಲ್ಲಿ."

ಪರದೆಯ ಮೇಲೆ ಬೆನ್ನು ಮೂಡಿತು. ಗೋಡೆಯಷ್ಟು ದೊಡ್ಡದು. ಹೆಂಗಸರು ಅಯ್ಯ ಎಂದರು, ಲೊಚಗುಟ್ಟಿದರು. ಹಲವರು ಮೊಬೈಲ್ ಎತ್ತಿದರು.

"ಬಿದ್ರ ಹಿಂಗ ಆಗತೈತೇನ್ರಿ?" ಮಧ್ಯದ ಸಾಲಿನಿಂದ ಒಬ್ಬಳು ಕೇಳಿದಳು.

"ಬೀಳೂದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಮಾಳಗಿ ಮ್ಯಾಲಿಂದ ಬಿದ್ಲು, ಗಿಡದಿಂದ ಬಿದ್ಲು ಅಂತ ಬೀಗರಿಗೆ ಕಥಿ ಹೇಳ್ತಾರ. ಅವೆಲ್ಲಾ ಮಂದಿ ಬಾಯಿ ಮುಚ್ಚಸಾಕ." ಇದು ಅವಳು ಎಲ್ಲ ಊರಲ್ಲೂ ಹೇಳುವ ಮಾತು. ಎಲ್ಲ ಊರಲ್ಲೂ ನಗುವಂತೆ ಇಲ್ಲಿಯೂ ನಕ್ಕರು.

ಆಗ ಮುಂದಿನ ಸಾಲಿನಲ್ಲಿ ಬಸುರಿ ಹುಡುಗಿ ಎದ್ದಳು.

ಅವಳು ಎದ್ದ ರೀತಿಯನ್ನು ಸುರೇಖಾ ನೋಡಿದಳು. ಎರಡೂ ಕೈ ಕುರ್ಚಿಗೆ ಊರಿ, ಹಲಗೆಯಂಥ ಬೆನ್ನನ್ನು ಒಂದೇ ತುಂಡಾಗಿ ಸೊಂಟದಿಂದ ಎತ್ತಿ ಎದ್ದಿದ್ದಳು. ಬಸುರಿಯರು ಹಾಗೆ ಏಳುವುದಿಲ್ಲ. ಕತ್ತಿನ ಕೆಳಗಿಂದ ಸೊಂಟದವರೆಗೆ ಸರಳು ಹಾಕಿದವರು ಮಾತ್ರ ಹಾಗೆ ಏಳುತ್ತಾರೆ. ಆ ಸರಳನ್ನು ಹಾಕಿದ್ದು ತನ್ನದೇ ಕೈ. ಆಫ್ರೀನ. ಮರೋಳದ ಖಾಸಿಂಸಾಬನ ಮಗಳು ಆಫ್ರೀನ.

ಸುರೇಖಾ ಪರದೆಯತ್ತ ತಿರುಗಿದಳು. ಬಲಗಡೆಯ ಉಬ್ಬಿನ ಕೆಳಗೆ ಮೂರು ಚುಟಿಗಿಯ ಕಲೆ ಸಾಲಾಗಿದ್ದವು. ಕೂಸು ಹಾಲು ಕುಡಿಯಲಿಲ್ಲವೆಂದು ಕಾಸಿದ ಬಳೆಚೂರಿನಿಂದ ಯಾರೋ ಸುಟ್ಟ ಗುರುತು. ಇಷ್ಟು ಸಲ ಈ ಫೋಟೋ ತೋರಿಸಿದ್ದಾಳೆ, ಒಮ್ಮೆಯೂ ಅವುಗಳ ಮೇಲೆ ಕಣ್ಣು ನಿಂತಿರಲಿಲ್ಲ. ಹುಸೇನಬಿಯ ಕಣ್ಣು ಅಲ್ಲಿಯೇ ನಿಂತಿತ್ತು.

ಸುರೇಖಾ ಪರದೆ ಆರಿಸುವಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ಹೊರಗೆ ಹೋಗಿದ್ದರು. "ಐದು ನಿಮಿಷ ಚಾ ಕುಡೀರಿ" ಎಂದವಳೇ ವೇದಿಕೆ ಇಳಿದಳು.

ಅಡುಗೆಮನೆಯ ಪಕ್ಕದ ಓಣಿಯಲ್ಲಿ ಆಫ್ರೀನ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಹುಸೇನಬಿ ಅವಳೆದುರು ನಿಂತಿದ್ದಳು, ದನಿ ಎತ್ತಿರಲಿಲ್ಲ.

"ಬಾಯಾರ, ನೀವ ಹೇಳ್ರಿ," ಎಂದಳು ಸುರೇಖಾಳನ್ನು ಕಂಡು. "ಇಕಿಗಿ ಎಣ್ಣಿ ಹಚ್ಚಾಕಿ ನಾನು. ಆ ಚುಟಿಗಿ ನನಗ ಗೊತ್ತಿಲ್ಲೇನು? ಬೆನ್ನಾಗಿನ ಹೊಲಿಗಿ ನೋಡಿ ಕೇಳಿದ್ರ, ಸಣ್ಣಾಕಿದ್ದಾಗ ಮಾಳಗಿಯಿಂದ ಬಿದ್ಲು ಅಂದ್ರು ಅವರ ಅಪ್ಪ. ಖರೆ ಏನು?"

ಆಫ್ರೀನ ಸುರೇಖಾಳನ್ನು ನೋಡಿದಳು. ಬಾಗಿಲಲ್ಲಿ ಕಂಡಿದ್ದ ನಗು ಆ ಮುಖದಲ್ಲಿ ಒಂದು ಕಾಲಕ್ಕೂ ಇರಲಿಲ್ಲವೇನೋ ಎನ್ನುವಂತೆ ಬತ್ತಿತ್ತು. ಒಂದು ಸುಳ್ಳು ಹೇಳಿದರೆ ಮುಗಿಯುತ್ತದೆ, ಎಂದುಕೊಂಡಳು ಸುರೇಖಾ. ಬಿದ್ದದ್ದೇ ಖರೆ ಎಂದರಾಯಿತು. ಆದರೆ ಈಗಷ್ಟೇ, ಇವರ ಕಿವಿಗೆ ಬೀಳುವಂತೆಯೇ, ಮೈಕಿನಲ್ಲಿ ನಗೆಯಾಡಿ ಬಂದಿದ್ದಾಳೆ. ಆ ಬಾಗಿಲನ್ನೂ ತಾನೇ ಮುಚ್ಚಿದ್ದಾಗಿತ್ತು.

"ಬಿದ್ದಿಲ್ಲ, ಅಮ್ಮಿ," ಎಂದಳು ಆಫ್ರೀನ. "ತಾನ ಆದದ್ದು. ಅಬ್ಬಾ ಹಂಗ ಹೇಳಂದ್ರು. ತಂಗೀನ್ನೂ ಕೊಡೂದೈತಿ ಅಂದ್ರು. ನಿಮ್ಮ ಮಗಗ ಮೊದಲ ದಿನಾನ ಹೇಳೇನಿ. ನಿಮಗ ಹೇಳಾಕ ಅಂಜಿದೆ."

ತಾನು ಹೇಳಬೇಕಾದ್ದು ತಪ್ಪಿತು ಎಂದು ಸುರೇಖಾಳಿಗೆ ಉಸಿರು ಸಡಿಲವಾಯಿತು. ಮರುಗಳಿಗೆಯೇ, ಆ ಸಡಿಲವಾದ ಉಸಿರಿಗೆ ಅವಳ ಕಿವಿ ಬಿಸಿಯಾದವು. ಬಸುರಿ ಹುಡುಗಿಯನ್ನು ಮುಂದೆ ನಿಲ್ಲಿಸಿ ತಾನು ಅವಳ ಮರೆಯಲ್ಲಿ ನಿಂತಂತಾಗಿತ್ತು.

"ಹಂಗಾರ ರಿಜ್ವಾನಗ ಗೊತ್ತೈತಿ," ಎಂದಳು ಹುಸೇನಬಿ, ತನಗೇ ಹೇಳಿಕೊಂಡಂತೆ. ಆಮೇಲೆ, "ಹುಟ್ಟೂ ಕೂಸಿಗೂ ಬರತೈತೇನ್ರಿ?"

"ಬಂದ್ರೂ ಬರಬಹುದು. ಭಾಳ ಮಂದೀಗಿ ಬರೂದಿಲ್ಲ. ಕೂಸು ಬೆಳದಂಗ ವರ್ಷಕ್ಕೊಮ್ಮೆ ನಾನ ನೋಡ್ತೇನಿ. ಬಂದ್ರೂ ಬೇಗ ತಿಳದ್ರ..."

"ನೀವ ನೋಡೂದ ಬ್ಯಾಡ್ರಿ." ಹುಸೇನಬಿ ಸೊಸೆಯ ಮುಖಪರದೆಯನ್ನು ಇಳಿಸಿ ಗಲ್ಲದ ಕೆಳಗೆ ಸರಿಮಾಡಿದಳು. "ಸುಳ್ಳ ಹೇಳ್ಯಾರ, ಅದು ನಮ್ಮ ಮನಿ ಮಾತು. ನಾ ಇಕಿನ್ನೂ ಕೇಳ್ತೇನಿ, ಖಾಸಿಂಸಾಬಗೂ ಕೇಳ್ತೇನಿ, ನನ್ನ ಮಗಗೂ ಬಿಡೂದಿಲ್ಲ. ಆದ್ರ ಈ ಬೆನ್ನ ನನ್ನ ಮಗಾ ನೋಡಿದ್ದು, ನಾ ನೋಡಿದ್ದು. ಈಗ ಇಳಕಲ್ಲ ತುಂಬಾ ನೋಡೇತಿ. ಯಾರನ್ನ ಕೇಳಿ ತೋರಿಸಿದ್ರಿ?"

ಅಪ್ಪನನ್ನು ಕೇಳಿದ್ದೆ ಎನ್ನಬಹುದಿತ್ತು. ಡಾಕ್ಟರಕಿ ಕಲಿಯುವ ಹುಡುಗರಿಗೆ ತೋರಿಸುತ್ತೇವೆ ಎಂದಾಗ, ಮಗಳ ಜೀವವನ್ನು ಇವಳ ಕೈಯಲ್ಲಿಟ್ಟಿದ್ದ ಆ ಮನುಷ್ಯ ಏನಕ್ಕೂ ಹೂಂ ಎನ್ನುತ್ತಿದ್ದ. ಮಲಗಿದ್ದ ಹುಡುಗಿಯನ್ನು ಯಾರೂ ಕೇಳಿರಲಿಲ್ಲ.

"ಯಾರನ್ನೂ ಕೇಳಿಲ್ರಿ," ಎಂದಳು ಸುರೇಖಾ. "ತಪ್ಪಾತು, ಆಫ್ರೀನ."

ಪರದೆಯ ಒಳಗಿಂದ ಆಫ್ರೀನಳ ದನಿ ಬಂತು. "ಬಾಗಲದಾಗ ನಿಮಗ ನನ್ನ ಗುರುತು ಹತ್ತಲಿಲ್ಲಲ್ರಿ, ಮೇಡಂ?"

"ಇಲ್ಲವ್ವಾ."

"ನಾ ಅಮ್ಮಿಗಿ ಹೇಳಿದ್ದೆ, ಹುಷಾರಿಲ್ಲದಾಗ ಭಾಳ ಛಲೋ ನೋಡಿಕೊಂಡಿದ್ರು, ನನ್ನ ಮರೆಯೂದಿಲ್ಲ ಅವರು, ಅಂತ."

ಅತ್ತೆ ಮುಂದೆ, ಸೊಸೆ ಹಿಂದೆ. ಇಬ್ಬರೂ ಓಣಿ ದಾಟಿ ಅಂಗಳಕ್ಕೆ ಹೋದರು. ಮೆಟ್ಟಿಲ ಬಳಿ ಹುಸೇನಬಿ ನಿಂತಳು. ಹಿಂದೆ ನೋಡದೆಯೇ ಕೈ ಚಾಚಿದಳು. ಆಫ್ರೀನ ಆ ಕೈ ಹಿಡಿದು, ಬಾಗದ ಬೆನ್ನನ್ನು ಹಾಗೇ ಹೊತ್ತು ಒಂದೊಂದೇ ಮೆಟ್ಟಿಲು ಇಳಿದಳು. ಮನೆಯಲ್ಲಿ ಆ ಕೈ ಇದೇ ರೀತಿ ಇರುವುದೋ ಇಲ್ಲವೋ, ಸುರೇಖಾಳಿಗೆ ತಿಳಿಯುವ ಹಾಗಿರಲಿಲ್ಲ. ಕೇಳುವ ಹಕ್ಕೂ ಇರಲಿಲ್ಲ.

ಒಳಗೆ ಬಸಲಿಂಗವ್ವ ಸನ್ಮಾನದ ಸೀರೆ ಹಿಡಿದು ಕಾಯುತ್ತಿದ್ದಳು. ಸುರೇಖಾ ಅದನ್ನು ದಾಟಿ ಮೈಕಿನ ಹತ್ತಿರ ಹೋದಳು.

"ಆಗಲೇ ತೋರಿಸಿದ ಫೋಟೋ ಯಾರ್‍ಯಾರು ತಗೊಂಡೀರಿ, ದಯಮಾಡಿ ಅಳಿಸಿಬಿಡ್ರಿ."

"ಯಾಕ್ರಿ ಅಕ್ಕಾರ?"

"ಆ ಹೆಣ್ಮಗಳನ್ನ ಕೇಳದ ತೋರಿಸೇನಿ. ತೋರಿಸಬಾರದಿತ್ತು."

ಗುಸುಗುಸು ಎದ್ದಿತು. "ಮಾರಿ ಎಲ್ಲಿ ಕಾಣತೈತ್ರಿ, ಯಾರಿಗಿ ಗೊತ್ತಾಗತೈತಿ ಬಿಡ್ರಿ," ಎಂದಳು ಒಬ್ಬಳು, ಸಮಾಧಾನ ಮಾಡುವಂತೆ. ತಾನು ಇಷ್ಟು ವರ್ಷ ತನಗೆ ಹೇಳಿಕೊಂಡಿದ್ದ ಮಾತನ್ನು ಮತ್ತೊಬ್ಬರ ಬಾಯಲ್ಲಿ ಕೇಳಿ ಸುರೇಖಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೆಳಗಿಳಿದು ಮೊದಲ ಸಾಲಿನಿಂದ ಒಬ್ಬೊಬ್ಬರ ಮುಂದೆಯೂ ನಿಂತು ಕೇಳುತ್ತ ಹೊರಟಳು. ಕೆಲವರು ನಕ್ಕರು, ಕೆಲವರು ಮುನಿಸಿನಿಂದಲೇ ಮೊಬೈಲ್ ತೆಗೆದರು.

ಮೂರನೆಯ ಸಾಲಿನ ಹುಡುಗಿ ನಾಲಿಗೆ ಕಚ್ಚಿಕೊಂಡಳು. "ನಾ ಸ್ಟೇಟಸ್ ಇಟ್ಟಬಿಟ್ಟೇನ್ರಿ. ಆಗಲೇ ಭಾಳ ಮಂದಿ ನೋಡ್ಯಾರ. ತಗೀಲೇನ್ರಿ?"

"ತಗೀಯವ್ವಾ."

ಅದು ಹೋಗುವವರೆಗೂ ಸುರೇಖಾ ಅಲ್ಲಿಯೇ ನಿಂತಳು. ನೋಡಿದವರು ನೋಡಿಯಾಗಿತ್ತು. ಆಮೇಲೆ ಮುಂದಿನವಳ ಕಡೆ ತಿರುಗಿ, ಮತ್ತೆ ಕೇಳಿದಳು.